ಜೋಂಬಿಗಳೊಂದಿಗೆ ಬರಲಿರುವ ಆಕ್ಸಿಸ್ ಆ್ಯಂಡ್ ಅಲೈಸ್: ತರಿಸಿಕೊಳ್ಳಬಹುದೇ? (ಅನುಭವ ಹಂಚಿಕೆ; ಆಟ ಬಿಡುಗಡೆಯಾಗುವ ಮುನ್ನ, 2018ರಲ್ಲಿ ಬರೆದದ್ದು)

ಪ್ರಶ್ನೆ, ಕುಂಬಳೆಯಿಂದ

ಎರಡನೆಯ ಮಹಾಯುದ್ಧದ ತಂತ್ರದಾಟವಾದ ಆಕ್ಸಿಸ್ ಆ್ಯಂಡ್ ಅಲೈಸ್‌ನ 1942ರ ಬೋರ್ಡ್, ಎರಡನೇ ಆವೃತ್ತಿ, ನಮ್ಮ ಬಳಗದಲ್ಲಿದೆ. ಮಂಗಳೂರಿನಲ್ಲಿ ಓದುವವರೂ ದುಡಿಯುವವರೂ ರಜೆಗೆ ಊರಿಗೆ ಬಂದಾಗ ಐವರು ಕೂಡಿ ಆಡುತ್ತೇವೆ. ಆದರೆ ಆಟ ಪ್ರತಿ ಸಲವೂ ಪೂರ್ವ ರಂಗದಲ್ಲಿ ಬಂದು ನಿಂತುಬಿಡುತ್ತದೆ. ರಷ್ಯಾ ಆಡುವವನು ಮಾಸ್ಕೋದಲ್ಲಿ ಪದಾತಿಗಳನ್ನು ಗುಡ್ಡೆ ಹಾಕುತ್ತಾನೆ, ಜರ್ಮನಿಯವನು ಉಕ್ರೇನಿನಲ್ಲಿ ಹಾಕುತ್ತಾನೆ, ಮೊದಲು ಮೈಮೇಲೆ ಬೀಳಲು ಯಾರೂ ಮುಂದಾಗುವುದಿಲ್ಲ. ಅಷ್ಟರಲ್ಲಿ ಯಾರಿಗಾದರೂ ರೈಲಿನ ಹೊತ್ತಾಗಿರುತ್ತದೆ. 2018ರ ಅಕ್ಟೋಬರಿನಲ್ಲಿ ಇದರ ಜೋಂಬಿ ಆವೃತ್ತಿ ಬರುತ್ತದೆಂದು ಪ್ರಕಾಶಕರಾದ ಅವಲಾನ್ ಹಿಲ್‌ನವರು ಪ್ರಕಟಿಸಿದ್ದಾರೆ. ಸತ್ತ ಪದಾತಿ ಜೋಂಬಿಯಾಗಿ ಏಳುತ್ತದೆ, ಜೋಂಬಿ ಯಾವ ಪಕ್ಷಕ್ಕೂ ಸೇರಿದ್ದಲ್ಲ ಎಂಬುದು ಅದರ ತಿರುಳು. ನಮ್ಮ ತೊಂದರೆಗೆ ಇದು ಪರಿಹಾರವಾದೀತೇ, ಇಲ್ಲವೇ ಬರಿಯ ವೇಷವೇ? ಆಡಿ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬದಿಯಡ್ಕದಿಂದ

ಪೆಟ್ಟಿಗೆ ಇನ್ನೂ ಯಾರ ಕೈಗೂ ಬಂದಿಲ್ಲವಾದರೂ, ಪ್ರಕಟವಾದ ಮೂಲ ನಿಯಮವನ್ನು ಹಳೆಯ ಬೋರ್ಡಿನ ಮೇಲೆಯೇ ಪರೀಕ್ಷಿಸಿ ನೋಡಲು ಅಡ್ಡಿಯೇನೂ ಇಲ್ಲ. ಈ ಮಳೆಗಾಲದಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ನಾವು ಅದನ್ನೇ ಮಾಡಿದೆವು. ಅಟ್ಟದಲ್ಲಿದ್ದ ಚೆನ್ನೆಮಣೆಯನ್ನು ಇಳಿಸಿ, ಅದರ 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ ಇರುವ 56 ಕೆಂಪು ಮಂಜೊಟ್ಟಿ ಕಾಯಿಗಳನ್ನು ಜೋಂಬಿಗಳೆಂದು ಎಣಿಸಿಕೊಂಡೆವು. ಪದಾತಿ ಸತ್ತಲ್ಲಿ ಒಂದು ಕೆಂಪು ಕಾಯಿ. ಕಾಯಿಯ ಪಾಲಿನ ದಾಳದಲ್ಲಿ ಒಂದು ಬಿದ್ದರೆ ಏಟು (ಎದುರಿನ ಒಂದು ತುಂಡು ಸತ್ತಂತೆ), ಕಾಯಿ ಉಳಿದಿರುವ ಪ್ರದೇಶದಿಂದ ಆದಾಯವಿಲ್ಲ ಎಂಬವು ನಾವೇ ಮಾಡಿಕೊಂಡ ನಿಯಮಗಳು. ಅವು ಪೆಟ್ಟಿಗೆಯವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಎರಡು ಸುತ್ತುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ಬೆಲೋರಷ್ಯಾ ಮತ್ತು ಉಕ್ರೇನ್ ಎರಡೂ ಕೆಂಪಾಗಿದ್ದವು. ಜರ್ಮನಿ ಆಡುತ್ತಿದ್ದ ನನ್ನ ತಮ್ಮ ಐದು ಪದಾತಿಗಳನ್ನು ಕಳೆದುಕೊಂಡು ಬೆಲೋರಷ್ಯಾವನ್ನು ಗೆದ್ದ. ಗೆದ್ದ ಮೇಲೆ ನೋಡಿದರೆ ತನ್ನ ಐವರೂ ರಷ್ಯಾದ ಮೂವರೂ ಸೇರಿ ಎಂಟು ಕಾಯಿಗಳು ಅವನ ಎರಡು ಟ್ಯಾಂಕುಗಳ ಸುತ್ತ ಕುಳಿತಿದ್ದವು. ಬಯಲಾಟದಲ್ಲಿ ರಕ್ತಬೀಜನ ಕಥೆ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಕಡಿದಷ್ಟೂ ಹುಟ್ಟುತ್ತಾನೆ, ನೆತ್ತರು ನೆಲಕ್ಕೆ ಬೀಳದಂತೆ ನೋಡಿಕೊಂಡವರಿಗೆ ಮಾತ್ರ ಗೆಲುವು. ಮುಂದಿನ ಸರದಿಯಲ್ಲಿ ತಮ್ಮ ಒಂದೇ ಒಂದು ಪದಾತಿಯನ್ನೂ ಕೊಳ್ಳಲಿಲ್ಲ. ರಷ್ಯಾದವನಿಗಂತೂ ತನ್ನ ಸತ್ತವರೇ ಬೇಲಿಯಾಗಿ ಒದಗಿದ್ದರಿಂದ ಆತ ಮಾಸ್ಕೋದ ಗುಡ್ಡೆಯಿಂದ ಆರು ಮಂದಿಯನ್ನು ಬಿಡಿಸಿ ಕಾಕಸಸ್ ಕಡೆಗೆ ಕಳುಹಿಸಿದ. ನೀವು ಹೇಳುವ ಗುಡ್ಡೆ ಕರಗುವುದನ್ನು ಆ ಬೋರ್ಡಿನ ಮೇಲೆ ನಾನು ಕಂಡದ್ದು ಅಂದೇ.

ಹೊಸೂರಿನಿಂದ

ಬದಿಯಡ್ಕದವರು ಕಂಡದ್ದಕ್ಕೆ ಲೆಕ್ಕದ ಆಧಾರವಿದೆ. 1942ರ ಎರಡನೇ ಆವೃತ್ತಿಯಲ್ಲಿ ಪದಾತಿಯ ಬೆಲೆ ಆಟದ ಹಣದಲ್ಲಿ 3 ಅಂಕ. ಅದು ದಾಳಿಯಲ್ಲಿ ಒಂದು ಬಿದ್ದರೆ ಮಾತ್ರ, ರಕ್ಷಣೆಯಲ್ಲಿ ಎರಡರೊಳಗೆ ಬಿದ್ದರೆ ಏಟು ಹಾಕುತ್ತದೆ. ಹತ್ತು ಪದಾತಿಗಳು ಮೇಲೆ ಬಿದ್ದರೆ ಸರಾಸರಿ 1.67 ಏಟು, ಅದೇ ಹತ್ತು ಕಾದು ನಿಂತರೆ 3.33. ಕಾಯುವವನಿಗೆ ಇಮ್ಮಡಿ ಲಾಭವಿರುವಾಗ ಕುಂಬಳೆಯ ಹುಡುಗರು ಕಾಯುತ್ತಾ ಕುಳಿತಿರುವುದರಲ್ಲಿ ಆಶ್ಚರ್ಯವೇನಿದೆ?

ಈಗ 12 ಅಂಕಗಳ ಹಣವನ್ನು ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಪದಾತಿ, ಅಥವಾ ಮೂರು ಫಿರಂಗಿ, ಅಥವಾ ಎರಡು ಟ್ಯಾಂಕ್ ಬರುತ್ತವೆ. ರಕ್ಷಣೆಯಲ್ಲಿ ಪದಾತಿಗಳದ್ದು 1.33 ಏಟು, ಫಿರಂಗಿಗಳದ್ದೂ ಟ್ಯಾಂಕುಗಳದ್ದೂ ಒಂದೊಂದು. ಯಾವ ತುಂಡನ್ನು ಸಾಯಿಸಬೇಕೆಂಬ ಆಯ್ಕೆ ಅದರ ಒಡೆಯನದೇ ಆಗಿರುವುದರಿಂದ ಹಳೆಯ ಆಟದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪದಾತಿಯನ್ನೇ ಎತ್ತಿ ಪಕ್ಕಕ್ಕಿಡುತ್ತಾರೆ. ಸತ್ತ ಪದಾತಿ ಮಾತ್ರ ಜೋಂಬಿಯಾಗುತ್ತದೆಂದ ಮೇಲೆ ಆ ಅಭ್ಯಾಸ ನಡೆಯುವುದಿಲ್ಲ. ನಾಲ್ಕಂಕದ ಫಿರಂಗಿಯನ್ನು ಕೊಟ್ಟು ಮೂರಂಕದ ಪದಾತಿಯನ್ನು ಉಳಿಸಿಕೊಳ್ಳುವುದೇ ಜಾಣತನವಾಗುವ ಸಂದರ್ಭಗಳು ಬರುತ್ತವೆ. ಜೊತೆಗೆ ಪದಾತಿಯ ಪಕ್ಕದಲ್ಲಿ ಫಿರಂಗಿ ನಿಂತರೆ ಆ ಪದಾತಿಯ ದಾಳಿ ಒಂದರಿಂದ ಎರಡಕ್ಕೆ ಏರುವುದರಿಂದ ಆ ಫಿರಂಗಿಯನ್ನು ಬಿಟ್ಟುಕೊಡಲೂ ಮನಸ್ಸು ಬಾರದು. 1981ರಲ್ಲಿ ಲ್ಯಾರಿ ಹ್ಯಾರಿಸ್ ಈ ಆಟವನ್ನು ರೂಪಿಸಿದಂದಿನಿಂದ ಅಗ್ಗದ ಸೈನಿಕನೇ ಅದರ ಬೆನ್ನೆಲುಬು. ಹೊಸ ಆವೃತ್ತಿ ಕೈ ಹಾಕಿರುವುದು ಅಲ್ಲಿಗೇ ಆದ್ದರಿಂದ ಇದನ್ನು ಬರಿಯ ವೇಷವೆಂದು ನಾನು ಹೇಳಲಾರೆ.

ಇನ್ನೊಂದು ಪರಿಣಾಮವೂ ಇದೆ. ಸರದಿಯ ಆರಂಭದಲ್ಲಿ ಕಾರ್ಡೊಂದನ್ನು ಎತ್ತಬೇಕು, ಅದು ಹೆಸರಿಸಿದ ಪ್ರದೇಶದಲ್ಲಿ ಜೋಂಬಿ ಕಾಣಿಸಿಕೊಳ್ಳುತ್ತದೆ ಎಂಬುದು ಪ್ರಕಟಣೆಯಲ್ಲಿದೆ. ಆಡುವ ದೇಶಗಳು ಐದೆಂದರೆ ಪೂರ್ತಿ ಸುತ್ತಿಗೆ ಐದು ಕಾರ್ಡು. ಹಿಂದಿನ ನೆಲವನ್ನೆಲ್ಲ ಖಾಲಿ ಬಿಟ್ಟು ಇದ್ದಬದ್ದವರನ್ನು ಮುಂಚೂಣಿಗೆ ತಳ್ಳುವವನಿಗೆ ಇದು ಒಳ್ಳೆಯ ಪಾಠ. ವಿಮಾನ ನೆಲವನ್ನು ವಶಪಡಿಸಿಕೊಳ್ಳಲಾರದು ಎಂಬ ಹಳೆಯ ನಿಯಮವನ್ನು ನೆನಪಿಡಿ, ಕಾವಲಿಗೆ ಕಾಲಾಳೇ ಬೇಕು.

ಅಕ್ಕಲಕೋಟೆಯಿಂದ

ಬೆಲೆಯ ವಿಷಯ ಮಾತ್ರ ಹೇಳುತ್ತೇನೆ. ಅಮೆರಿಕದಲ್ಲಿ ಇದರ ಬಿಡುಗಡೆಯ ಬೆಲೆ ಸುಮಾರು 40 ಡಾಲರ್. ಡಾಲರು 70 ರೂಪಾಯಿ ದಾಟಿರುವ 2018ರ ಈ ದಿನಗಳಲ್ಲಿ ಅಲ್ಲಿಗೇ 2,800 ರೂಪಾಯಿಗೆ ಮೇಲಾಯಿತು. ಇಂಥ ಆಟಗಳ ಮೇಲಿನ ಆಮದು ಸುಂಕವನ್ನು 2018ರ ಬಜೆಟ್ಟಿನಲ್ಲಿ ಶೇ. 10ರಿಂದ 20ಕ್ಕೆ ಏರಿಸಿದ್ದಾರೆ, ಸಾಗಣೆಯ ಖರ್ಚು ಬೇರೆ. ಹಿಂದೊಮ್ಮೆ ನಾನು ತರಿಸಿದ ಪೆಟ್ಟಿಗೆಯ ಮೂಲೆಯನ್ನು ಸಾಗಣೆಯವರು ಜಜ್ಜಿಯೇ ಕೊಟ್ಟರು, ಪರಿಹಾರ ಕೇಳಿದರೆ ಸೊಲ್ಲಾಪುರದ ದಾರಿ ತೋರಿಸಿದರು. ಬಿಡಿಯಾಗಿ ತರಿಸುವ ಬದಲು ವಿದೇಶದಿಂದ ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳುವುದು ಮೇಲು. ಕಾಸರಗೋಡಿನಲ್ಲಿ ಅಂಥವರಿಗೆ ಬರವಿಲ್ಲವಷ್ಟೆ.

ಮಂಜೇಶ್ವರದಿಂದ

ನನ್ನದು ಒಂದು ತಕರಾರು. ಬರ್ಮಾ ಈ ಬೋರ್ಡಿನ ಮೇಲೆ ಒಂದು ಪ್ರದೇಶ. 1942ರಲ್ಲಿ ಅಲ್ಲಿಂದ ನಡೆದುಕೊಂಡೇ ಭಾರತಕ್ಕೆ ಬಂದವರ ಪೈಕಿ ನಮ್ಮ ಕುಟುಂಬದ ಹಿರಿಯರೊಬ್ಬರಿದ್ದರು, ದಾರಿಯಲ್ಲಿ ಬಿದ್ದವರ ಮಾತನ್ನು ಅವರು ಎತ್ತುತ್ತಲೇ ಇರಲಿಲ್ಲ. ಹಳೆಯ ಆಟದಲ್ಲಿ ತುಂಡು ಸತ್ತರೆ ಅದನ್ನು ಎತ್ತಿಡುತ್ತೇವೆ, ಅಲ್ಲಿಗೆ ಮುಗಿಯಿತು. ಸತ್ತ ಸೈನಿಕ ಮತ್ತೆ ಎದ್ದು ನಗೆಯ ವಸ್ತುವಾಗುವುದು ನನಗೆ ಸೇರಲಿಲ್ಲ. ಇತರರು ಆಡಬಾರದೆಂದು ನಾನು ಹೇಳುವುದಿಲ್ಲ. ನಾನು ಹಳೆಯದಕ್ಕೇ ಸಾಕು ಮಾಡುತ್ತೇನೆ. ಲೆಕ್ಕಾಚಾರವೇ ಇಷ್ಟವೆನ್ನುವವರಿಗೂ ಎಚ್ಚರಿಕೆಯ ಮಾತೊಂದಿದೆ: ಮೂರು ಸುತ್ತು ಮುಂದಕ್ಕೆ ಯೋಚಿಸಿ ಜಪಾನಿನ ಹಡಗುಗಳನ್ನು ಕಲ್ಕತ್ತಾದತ್ತ ತರುವವನಿಗೆ, ಒಂದು ಕಾರ್ಡಿನಿಂದ ಯೋಜನೆ ಕೆಟ್ಟರೆ ಬೇಸರವಾಗದೆ ಇರುವುದಿಲ್ಲ.

ಉಪ್ಪಳದಿಂದ

ಮಂಜೇಶ್ವರದವರ ಕೊನೆಯ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕಾರ್ಡಿನ ಅದೃಷ್ಟ ನನಗೂ ಒಗ್ಗದು, ಆದರೆ ದಾಳ ಉರುಳಿಸುವ ಆಟದಲ್ಲಿ ಅದೃಷ್ಟವನ್ನು ದೂರುವುದೂ ವಿಚಿತ್ರವೇ.

ಕುಂಬಳೆಯವರು ಗಮನಿಸಬೇಕಾದದ್ದು ಬೇರೆಯೇ ಇದೆ. ಹೊಸ ಪೆಟ್ಟಿಗೆ ಸ್ವತಂತ್ರ ಆಟವಾಗಿದ್ದು, ಇಬ್ಬರಿಂದ ಐವರವರೆಗೆ ಆಡಬಹುದು. ಅದರ ಜೊತೆಗೆ ಜೋಂಬಿಗಳನ್ನು ನಿಮ್ಮಲ್ಲಿರುವ 1942ರ ಎರಡನೇ ಆವೃತ್ತಿಗೆ ಸೇರಿಸಿಕೊಳ್ಳುವ ಕಾರ್ಡುಗಳನ್ನೂ ಕೊಡುತ್ತಾರೆ. ಅಂದರೆ ನೀವು ಕೊಡುವ ಹಣಕ್ಕೆ ಎರಡು ಆಟ ಸಿಕ್ಕಂತೆ. ನನ್ನ ಬಳಿ ಇರುವುದು 2012ರಲ್ಲಿ ಬಂದ 1941ರ ಚಿಕ್ಕ ಬೋರ್ಡು, ಅದರಲ್ಲಿ ಫಿರಂಗಿಯೇ ಇಲ್ಲ. ಹಾಗಾಗಿ ಹೊಸೂರಿನವರ ಉಪಾಯ ನನಗೆ ದಕ್ಕುವುದಿಲ್ಲ, ನಾನು ಕೊಳ್ಳುವುದಾದರೆ ಹೊಸ ಬೋರ್ಡಿಗಾಗಿಯೇ ಕೊಳ್ಳಬೇಕು. ನಿಮಗೆ ಆ ಕಷ್ಟವಿಲ್ಲ.

ಪೆಟ್ಟಿಗೆ ಬಂದ ಮೇಲೆ ಮೊದಲು ಹೊಸ ಬೋರ್ಡಿನಲ್ಲೇ ಒಂದೆರಡು ಆಟ ಆಡಿ ನಿಯಮಗಳನ್ನು ರೂಢಿ ಮಾಡಿಕೊಳ್ಳಿ, ಅನಂತರ ಕಾರ್ಡುಗಳನ್ನು 1942ಕ್ಕೆ ಹಚ್ಚಿ. ದೊಡ್ಡ ಬೋರ್ಡಿಗೆ ಜೋಂಬಿಗಳನ್ನು ಸೇರಿಸಿದರೆ ಹೊತ್ತು ಉಳಿಯುವುದಿಲ್ಲ, ಇನ್ನಷ್ಟು ಹಿಡಿಯುತ್ತದೆ. ರೈಲು ಹಿಡಿಯುವವರಿದ್ದ ದಿನ ಅದನ್ನು ಹರಡಬೇಡಿ. ಅಕ್ಟೋಬರಿನಲ್ಲಿ ಅಲ್ಲಿ ಬಿಡುಗಡೆಯಾದದ್ದು ದೀಪಾವಳಿಗೆ ಕುಂಬಳೆ ತಲುಪುವುದು ಸಂಶಯವಾದ್ದರಿಂದ ಕ್ರಿಸ್ಮಸ್ ರಜೆಯನ್ನು ಗೊತ್ತು ಮಾಡಿಕೊಂಡರೆ ಒಳ್ಳೆಯದು. ಅದುವರೆಗೆ ಬದಿಯಡ್ಕದವರ ಮನೆ ನಿಯಮಗಳಿಂದಲೇ ಆಡಿ ನೋಡಿ, ಜರ್ಮನಿ ಆಡುವವನು ಎರಡನೆಯ ಸಲವೂ ಬೋರ್ಡಿನ ಮುಂದೆ ಕೂರಲು ಒಪ್ಪಿದರೆ ಹಣ ಕಟ್ಟಿ.