ಸ್ಪಿತಿ ರೋಡ್ ಟ್ರಿಪ್, ಆಮೇಲೆ ಕುಮಾರ ಪರ್ವತ: ನೀರಿನ ಫಿಲ್ಟರ್ ಯಾವುದು ತಗೊಳ್ಳಲಿ?

ಕಾಲ್ನಡಿಗೆ_ಮೈಸೂರು

ನಮಸ್ಕಾರ ಎಲ್ರಿಗೂ. ಸೆಪ್ಟೆಂಬರ್ ಕೊನೇಲಿ ನಾವು ನಾಲ್ಕು ಜನ ಮೈಸೂರಿಂದ ಗಾಡೀಲೇ ಹಿಮಾಚಲದ ಸ್ಪಿತಿಗೆ ಹೊರಟಿದೀವಿ, ಶಿಮ್ಲಾ ಕಡೆಯಿಂದ ಹತ್ತಿ ಕಾಜಾ, ಆಮೇಲೆ ಕುಂಜುಮ್ ಪಾಸ್ ದಾಟಿ ಚಂದ್ರತಾಲ್ ಸರೋವರ ನೋಡ್ಕೊಂಡು ಮನಾಲಿಗೆ ಇಳಿಯೋದು. ವಾಪಸ್ ಬಂದು ಡಿಸೆಂಬರಲ್ಲಿ ಕುಮಾರ ಪರ್ವತ. ಎರಡಕ್ಕೂ ಆಗೋ ಹಾಗೆ ಒಂದು ಫಿಲ್ಟರ್ ತಗೋಬೇಕು ಅಂತಿದೀನಿ, ಆನ್‌ಲೈನಲ್ಲಿ ನೋಡಿ ನೋಡಿ ತಲೆ ಕೆಟ್ಟೋಯ್ತು. ಸ್ಟ್ರಾ ತರ ಹೀರೋದು ಇದೆ, ಚೀಲ ಹಿಂಡೋದು ಇದೆ, ಅದುಮೋ ಬಾಟಲಿ ಇದೆ, ನೀರಲ್ಲಿ ಅದ್ದಿ ಅತಿನೇರಳೆ ಬೆಳಕು ಬಿಡೋ ಯುವಿ ಪೆನ್ ಅಂತೆ, ಮಾತ್ರೆ ಅಂತೆ. ಎಲ್ಲದರ ಮೇಲೂ 99.99 ಅಂತಾನೇ ಬರ್ದಿದಾರೆ.

ಯಾಕಿಷ್ಟು ಯೋಚ್ನೆ ಅಂದ್ರೆ ಹೋದ ವರ್ಷ ಒಂದು ಚಾರಣದಲ್ಲಿ ಹಳ್ಳದ ನೀರು ಹಾಗೇ ಕುಡಿದಿದ್ದೆ. ನೋಡೋಕೆ ಗಾಜಿನ ತರ ಇತ್ತು. ಅವತ್ತೂ ಏನೂ ಆಗ್ಲಿಲ್ಲ, ಮಾರನೇ ದಿನಾನೂ ಇಲ್ಲ, ಹತ್ತು ದಿನ ಆದ್ಮೇಲೆ ಆಫೀಸಲ್ಲಿ ಕೂತಿರುವಾಗ ಕೊಳೆತ ಮೊಟ್ಟೆ ವಾಸನೆ ತೇಗು ಶುರುವಾಯ್ತು ನೋಡಿ, ಪಕ್ಕದವರು ಕುರ್ಚಿ ಸರಿಸ್ಕೊಂಡ್ರು. ಆಮೇಲಿಂದು ಬರೆಯೋದು ಬೇಡ. ಟೆಸ್ಟ್ ಮಾಡ್ಸಿದ್ರೆ ಜಿಯಾರ್ಡಿಯಾ, ಹೊಟ್ಟೆ ಕೆಡಿಸೋ ಒಂದು ಪರೋಪಜೀವಿ. ಹರಿಯೋ ನೀರಿಗೆ ದೋಷ ಇಲ್ಲ ಅಂತ ನಮ್ಮ ತಾತ ಹೇಳ್ತಿದ್ರು, ಅದನ್ನ ನಂಬಿ ಕೆಟ್ಟೆ. ಸ್ಟ್ರಾ ಒಂದಿದ್ರೆ ಸಾಕಾ? ಬಳಸಿದವರು ಹೇಳಿ ಪ್ಲೀಸ್.

ಇಂಬಳಪ್ರಿಯ

ಸ್ಟ್ರಾ ಬೇಡ ಮಾರಾಯ್ರೆ. ಅದು ಕೆಲಸ ಮಾಡಲ್ಲ ಅಂತಲ್ಲ, ಆದ್ರೆ ಹಳ್ಳದ ಹತ್ರ ದನದ ಹಾಗೆ ಬಗ್ಗಿ ಕುಡೀಬೇಕು, ಅಲ್ಲಿಂದ ಎದ್ದು ಮುಂದಿನ ಎರಡು ಗಂಟೆಗೆ ಬೇಕಾದ ನೀರು ಏನ್ಮಾಡ್ತೀರಿ? ಮ್ಯಾಗಿಗೆ ನೀರು ಬೇಕು, ಚಾಗೆ ಬೇಕು, ಅದನ್ನೆಲ್ಲ ಬಾಯಲ್ಲಿ ಹೀರಿ ಪಾತ್ರೆಗೆ ಉಗುಳೋಕಾಗುತ್ತಾ.

ನನ್ನ ಹತ್ರ ಇರೋದು ಹಿಂಡೋ ತರದ್ದು, ಐದು ವರ್ಷ ಆಯ್ತು. ಒಳಗೆ ಸೇವಿಗೆ ಎಳೆ ಹಾಗಿರೋ ಟೊಳ್ಳು ನಳಿಕೆಗಳು ಕಟ್ಟಿಟ್ಟಿರ್ತಾರೆ, ಆ ಎಳೆಗಳ ಗೋಡೇಲಿ 0.1 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೂತು, ನೀರು ನುಸುಳುತ್ತೆ ಕಸ ಹೊರಗೇ ಉಳಿಯುತ್ತೆ ಅಷ್ಟೇ ಅದರ ಗುಟ್ಟು. ಕರೆಂಟು ಬ್ಯಾಟರಿ ಏನೂ ಬೇಡ. ಮಳೆಗಾಲದ ಕೆಂಪು ನೀರು ಹಿಂಡಿದ್ರೆ ಮೂರನೇ ಲೀಟರಿಗೇ ಕಟ್ಕೊಳ್ಳುತ್ತೆ, ಕೈ ನೋಯುತ್ತೆ, ಆಗ ಜೋರಾಗಿ ಹಿಂಡೋಕೆ ಹೋಗಿ ಚೀಲ ಹರ್ಕೊಂಡವರು ನಮ್ಮ ಗ್ಯಾಂಗಲ್ಲೇ ಇಬ್ಬರು. ಹಾಗಾದಾಗ ಸಿರಿಂಜಲ್ಲಿ ಸೋಸಿದ ನೀರು ತುಂಬಿ ಉಲ್ಟಾ ಕಡೆಯಿಂದ ತಳ್ಳಬೇಕು, ಟೀ ಡಿಕಾಕ್ಷನ್ ತರದ್ದು ಹೊರಗೆ ಬರುತ್ತೆ, ಆಮೇಲೆ ಮತ್ತೆ ಸಲೀಸು. ನಾನಂತೂ ಮೊದಲು ಹಳೇ ಕಾಟನ್ ಪಂಚೆ ತುಂಡನ್ನ ನಾಲ್ಕು ಮಡಿಕೆ ಮಾಡಿ ಅದರಲ್ಲಿ ಸೋಸಿ ಆಮೇಲೆ ಫಿಲ್ಟರಿಗೆ ಹಾಕ್ತೀನಿ. ಇನ್ನೊಂದು, ಚೀಲ ಹರಿದ್ರೆ ಕೋಲಾ ಬಾಟಲಿ ಬಾಯಿಗೆ ತಿರುಪಿ ಹಿಂಡಬಹುದು, ಅಂಗಡಿ ನೀರಿನ ಬಾಟಲಿ ಕೆಲವು ಕೂರುತ್ತೆ ಕೆಲವು ಕೂರಲ್ಲ, ಮನೇಲೇ ಒಂದ್ಸಲ ತಿರುಪಿ ನೋಡ್ಕೊಂಡು ಹೊರಡಿ.

ಸೂಕ್ಷ್ಮದರ್ಶಿ_ಉಡುಪಿ

ಲ್ಯಾಬಲ್ಲಿ ಕೆಲಸ ಮಾಡೋಳು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಪಂಚೆ ಮಡಿಕೆ ವಿಷಯ ಓದಿ ಖುಷಿ ಆಯ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆ ಬಟ್ಟೆ ಮಡಚಿ ನೀರು ಸೋಸೋದನ್ನ ಹೇಳಿಕೊಟ್ಟಾಗ ಕಾಲರಾ ಸುಮಾರು ಅರ್ಧಕ್ಕರ್ಧ ಇಳೀತು, ಯಾಕಂದ್ರೆ ಆ ಬ್ಯಾಕ್ಟೀರಿಯಾ ನೀರಿನ ಸಣ್ಣ ಸಣ್ಣ ಜೀವಿಗಳಿಗೆ ಅಂಟ್ಕೊಂಡಿರುತ್ತೆ, ಅವು ಬಟ್ಟೇಲಿ ನಿಲ್ತಾವೆ. ಆದ್ರೆ ಅರ್ಧ ಅಷ್ಟೇ.

ಈಗ ವಿಷಯಕ್ಕೆ ಬರ್ತೀನಿ. ನಿಮ್ಮನ್ನ ಕಾಡಿದ ಜಿಯಾರ್ಡಿಯಾ ಸೂಕ್ಷ್ಮಜೀವಿಗಳಲ್ಲಿ ಗಾತ್ರದವನು, ಅದರ ಸಿಸ್ಟ್, ಅಂದ್ರೆ ಗಟ್ಟಿ ಕವಚದೊಳಗಿರೋ ರೂಪ, 5 ಮೈಕ್ರಾನಿಗಿಂತ ದೊಡ್ಡದು, ಮೇಲೆ ಹೇಳಿದ ಫಿಲ್ಟರಲ್ಲಿ ಖಂಡಿತ ಸಿಕ್ಕಿಬೀಳುತ್ತೆ. ಬ್ಯಾಕ್ಟೀರಿಯಾನೂ ಹೆಚ್ಚುಕಮ್ಮಿ ಸಿಗುತ್ತೆ. ಹೆಚ್ಚುಕಮ್ಮಿ ಅಂದಿದ್ದು ಯಾಕಂದ್ರೆ ನಮ್ಮ ಕರಾವಳಿಯವರಿಗೆ ಗೊತ್ತಿರೋ ಇಲಿಜ್ವರದ ಬ್ಯಾಕ್ಟೀರಿಯಾ ದಾರದ ಎಳೆ ತರ ತೆಳ್ಳಗೆ, 0.2 ಮೈಕ್ರಾನ್ ಫಿಲ್ಟರಲ್ಲೂ ನುಸುಳಬಲ್ಲದು. ವೈರಸ್ ಅಂತೂ ಆರಾಮಾಗಿ ದಾಟುತ್ತೆ. ಹೆಪಟೈಟಿಸ್ ಎ, ಅಂದ್ರೆ ಕಾಮಾಲೆ ತರೋ ವೈರಸ್, 27 ನ್ಯಾನೋಮೀಟರ್ ಆಸುಪಾಸು. 0.1 ಮೈಕ್ರಾನ್ ಅಂದ್ರೆ 100 ನ್ಯಾನೋಮೀಟರ್. ಬಾಗಿಲು ತೆಗ್ದಿಟ್ಟ ಹಾಗೇನೇ. ಅಮೆರಿಕದ ನಿರ್ಜನ ಕಾಡಲ್ಲಿ ನಡೆಯೋರು ಫಿಲ್ಟರ್ ಒಂದೇ ಸಾಕು ಅಂತ ವಿಡಿಯೋ ಮಾಡ್ತಾರೆ, ನಮ್ಮಲ್ಲಿ ಮೇಲ್ಗಡೆ ಯಾವಾಗಲೂ ಒಂದು ಊರೋ, ಕ್ಯಾಂಪೋ, ಚೊಂಬು ಹಿಡ್ಕೊಂಡು ಹೋದ ಒಬ್ಬ ಮನುಷ್ಯನೋ ಇದ್ದೇ ಇರ್ತಾನೆ.

ಅದಕ್ಕೇ ಫಿಲ್ಟರ್ ಜೊತೆ ಕ್ಲೋರಿನ್ ಮಾತ್ರೆ. ಮೊದಲು ಸೋಸಿ, ಆಮೇಲೆ ಮಾತ್ರೆ, ಅರ್ಧ ಗಂಟೆ ಬಿಡಿ, ನೀರು ತುಂಬಾ ತಣ್ಣಗಿದ್ರೆ ಇನ್ನೂ ಸ್ವಲ್ಪ ಹೊತ್ತು. ಉಲ್ಟಾ ಮಾಡ್ಬೇಡಿ, ಕೆಸರು ನೀರಿಗೆ ಮಾತ್ರೆ ಹಾಕಿದ್ರೆ ಅರ್ಧ ಕ್ಲೋರಿನ್ ಆ ಕೆಸರಿಗೇ ಖರ್ಚಾಗುತ್ತೆ. ಮಾತ್ರೆ ಒಂದೇ ಸಾಲ್ದಾ ಅಂದ್ರೆ, ಕ್ರಿಪ್ಟೋಸ್ಪೊರಿಡಿಯಂ ಅಂತ ಹೊಟ್ಟೆ ಕೆಡಿಸೋ ಇನ್ನೊಂದು ಪರೋಪಜೀವಿ ಇದೆ, ಮಾಮೂಲಿ ಕ್ಲೋರಿನ್‌ಗೆ ಬಗ್ಗೋದೇ ಇಲ್ಲ, ಅದನ್ನ ಫಿಲ್ಟರೇ ಹಿಡೀಬೇಕು. ಸ್ಟ್ರಿಪ್ ಮೇಲೆ ಬರೆದಿರೋದು ಓದಿ ಹಾಕಿ, 1 ಲೀಟರಿಂದೂ ಸಿಗುತ್ತೆ 20 ಲೀಟರಿಂದೂ ಸಿಗುತ್ತೆ, ನೋಡೋಕೆ ಒಂದೇ ತರ.

ಕುದಿಸೋದಾದ್ರೆ ಇದ್ಯಾವುದರ ತಲೆನೋವೂ ಇಲ್ಲ, ಗಳಗಳ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್ ಮೇಲೆ ಮೂರು ನಿಮಿಷ. ಕಾಜಾದಲ್ಲಿ ನೀರು 90 ಡಿಗ್ರಿ ಮುಟ್ಟೋ ಮುಂಚೆನೇ ಕುದಿಯುತ್ತೆ, ಆದ್ರೂ ಸೂಕ್ಷ್ಮಜೀವಿಗಳು ಸಾಯೋಕೆ ಅಷ್ಟು ಸಾಕು. ಗ್ಯಾಸ್ ಎಷ್ಟು ಹೊರ್ತೀರಿ ಅನ್ನೋದೇ ಪ್ರಶ್ನೆ.

ಜೀಪ್_ಸವಾರಿ_ಧಾರವಾಡ

ಎಲ್ಲಾರೂ ಹುಳದ ಬಗ್ಗೆ ಹೇಳಾಕತ್ತೀರಿ, ನಾ ಥಂಡಿ ಬಗ್ಗೆ ಹೇಳ್ತೀನಿ. ನಾವು ಇದೇ ರೂಟ್ ಮಾಡೀವಿ ರೀ, ಇದೇ ಸೀಸನ್ನಾಗ. ಚಂದ್ರತಾಲ್ ಹತ್ರ ಸುಮಾರು 4,300 ಮೀಟರ್ ಎತ್ತರ ಐತಿ, ರಾತ್ರಿ ಸೊನ್ನಿ ಕೆಳಗ ಹೋಗ್ತೈತಿ. ನಮ್ಮ ದೋಸ್ತ ಸಂಜಿಮುಂದ ನೀರು ಸೋಸಿ, ಹಸೀ ಫಿಲ್ಟರ್ ಜೀಪಿನ ಬಾಗಲದಾಗ ಇಟ್ಟು ಮಕ್ಕೊಂಡ. ಮುಂಜಾನೆ ಅಲ್ಲಾಡ್ಸಿದ್ರ ಒಳಗ ಹರಳು ಇದ್ದಂಗ ಸಪ್ಪಳ. ಬಿಸಿಲಿಗೆ ಇಟ್ಟ ಮ್ಯಾಲ ನೀರು ಮೊದಲಿಗಿಂತ ಜೋರ್ ಬರಾಕತ್ತು, ಅಂವ "ನೋಡ್ರಿ ಹೆಂಗ ಸ್ವಚ್ಛ ಆಗೇತಿ" ಅಂತ ಖುಷಿ. ಸ್ವಚ್ಛ ಎಲ್ಲಿ ಬಂತು, ಒಳಗಿನ ನಳಿಗಿ ಸೀಳಿದ್ದು ಅದು, ಹೊರಗಿಂದ ಏನೂ ಕಾಣಂಗಿಲ್ಲ. ಎಸದ್ವಿ. ಮುಂದಿನ ನಾಕು ದಿನ ಸ್ಟೋವ್ ಮ್ಯಾಲ ಕುದಿಸಿ ಕುದಿಸಿ ಗ್ಯಾಸ್ ಖಾಲಿ. ನೀವು ರಾತ್ರಿ ಅದನ್ನ ಜಿಪ್ ಕವರ್‌ನಾಗ ಹಾಕಿ ಸ್ಲೀಪಿಂಗ್ ಬ್ಯಾಗಿನೊಳಗ ಕಾಲಕಡೆ ಇಟ್ಕೊಂಡು ಮಕ್ಕೋರಿ.

ಇನ್ನ ಅಲ್ಲಿ ನದಿ ನೀರು ಸಿಮೆಂಟ್ ಕಲಸಿದಂಗ ಬೂದಿ ಬಣ್ಣ ಇರ್ತೈತಿ, ಹಿಮದ ಗಡ್ಡಿ ಬಂಡಿಗಲ್ಲು ತೇಯ್ದ ಪುಡಿ ಅದು. ಹಂಗ ಹಿಂಡಿದ್ರ ಫಿಲ್ಟರ್ ಸತ್ತಹೋಗ್ತೈತಿ. ಕಟಿಂಗ್ ಶಾಪ್‌ನಾಗ ಗಡ್ಡ ಮಾಡಿದ ಮ್ಯಾಲ ಉಜ್ಜತಾರಲ್ಲ ಆ ಆಲಂ ಕಲ್ಲು ಬಕೆಟ್‌ನಾಗ ಎರಡು ಸುತ್ತು ತಿರುಗ್ಸಿ ರಾತ್ರಿ ಇಟ್ಟುಬಿಡ್ರಿ, ಮುಂಜಾನೆ ಮ್ಯಾಲಿನ ನೀರು ತಿಳಿ. ನಾಕು ಮಂದಿಗೆ ಕೈಲೆ ಹಿಂಡೋದು ಆಗೂದಿಲ್ಲ, ಚೀಲ ಮ್ಯಾಲ ಕ್ಯಾರಿಯರ್‌ಗೆ ಕಟ್ಟಿ ಪೈಪ್ ಬಿಟ್ರ ತಾನ ಇಳೀತೈತಿ, ಅಷ್ಟೊತ್ತಿಗೆ ಅಡಗಿ ಮಾಡ್ರಿ. ಕ್ಯಾನ್ ಎರಡು ಇರ್ಲಿ, ಹೊಲಸು ನೀರಿನ ಕ್ಯಾನಿಗೆ ಕೆಂಪು ಟೇಪ್ ಸುತ್ತರಿ, ಇಲ್ಲಾಂದ್ರ ಕತ್ತಲದಾಗ ಯಾವನರ ಅದ್ರಾಗಿಂದ ಕುಡೀತಾನ.

ಅದುಮೋ ಬಾಟಲಿ ಒಬ್ಬರಿಗೆ ಛಲೋ. ಗ್ರೇಯ್ಲ್ ಜಿಯೋಪ್ರೆಸ್ 710 ಎಂಎಲ್ ಹಿಡೀತೈತಿ, ವೈರಸ್ಸೂ ತಡೀತೈತಿ, ಆದ್ರ ಕಾರ್ಟ್ರಿಜ್ 250 ಲೀಟರ್‌ಗೆ ಮುಗೀತು, ಮತ್ತ ರೊಕ್ಕ. ಯುವಿ ಪೆನ್ ತಿಳಿ ನೀರಿಗಷ್ಟ, ಥಂಡ್ಯಾಗ ಬ್ಯಾಟರಿನೂ ಕೈ ಕೊಡ್ತೈತಿ.

ತೋಟದಮನೆ

ಕುಮಾರ ಪರ್ವತದ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಡಿಸೆಂಬರ್ ಅಂದ್ರೆ ಇಲ್ಲಿ ಕಾಫಿ ಕುಯ್ಲು, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಯಂತ್ರ ಓಡ್ತಿರುತ್ತೆ, ಆ ನೀರು ಹಳ್ಳಕ್ಕೆ ಸೇರಿದ್ರೆ ಹುಳಿ ವಾಸನೆ ಬರುತ್ತೆ. ನಮ್ಮ ಜನಾನೇ ಬಿಡೋದು, ಸುಳ್ಳು ಹೇಳಲ್ಲ. ಅಡಿಕೆ, ಕಾಫಿಗೆ ಹೊಡೆಯೋ ಮೈಲುತುತ್ತ, ಶುಂಠಿ ಗದ್ದೆಗೆ ಹಾಕೋ ಔಷಧಿ, ಇವೆಲ್ಲ ನೀರಲ್ಲಿ ಕರಗಿರುತ್ತೆ. ಕರಗಿದ್ದನ್ನ ಆ ಎಳೆ ಫಿಲ್ಟರ್ ಹಿಡಿಯಲ್ಲ, ಕುದಿಸಿದ್ರೂ ಹೋಗಲ್ಲ, ಮಾತ್ರೆಗೂ ಹೋಗಲ್ಲ. ಕಾರ್ಬನ್, ಅಂದ್ರೆ ಇದ್ದಿಲು, ಇರೋ ಫಿಲ್ಟರ್ ಸ್ವಲ್ಪ ಹಿಡಿಯುತ್ತೆ, ಅದನ್ನೂ ಪೂರ್ತಿ ನಂಬ್ಬೇಡಿ. ತೋಟ, ಗದ್ದೆ ದಾಟಿ ಕಾಡು ಹತ್ತಿದ ಮೇಲೆ ಸಿಗೋ ನೀರು ತುಂಬಿಸ್ಕೊಳ್ಳಿ, ಕೆಳಗಿನ ಹಳ್ಳದಲ್ಲಿ ಮುಖ ತೊಳೀರಿ ಸಾಕು. ಬೇಸಿಗೆಗೆ ಮೇಲಿನ ಒರತೆಗಳೂ ಒಣಗುತ್ತೆ, ಡಿಸೆಂಬರಲ್ಲಿ ತೊಂದ್ರೆ ಇರಲ್ಲ.

ಕಾಲ್ನಡಿಗೆ_ಮೈಸೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸ್ಟ್ರಾ ಕಾರ್ಟಿಂದ ತೆಗ್ದೆ. ಹಿಂಡೋದು ಒಂದು, ಮಾತ್ರೆ ಎರಡು ಸ್ಟ್ರಿಪ್, ಆಲಂ ಕಲ್ಲು ನಮ್ಮ ಬೀದಿ ಸಲೂನಿನವರೇ ಕೊಟ್ರು. ಮೇಡಂ, ಕ್ಲೋರಿನ್ ವಾಸನೆಗೆ ನಮ್ಮಲ್ಲೊಬ್ಬ ಕುಡಿಯಲ್ಲ ಅಂತ ಕೂತಿದಾನೆ, ನಿಂಬೆಹಣ್ಣು ಹಿಂಡಿದ್ರೆ ನಡೆಯುತ್ತಾ?

ಸೂಕ್ಷ್ಮದರ್ಶಿ_ಉಡುಪಿ

ನಡೆಯುತ್ತೆ, ಆದ್ರೆ ಅರ್ಧ ಗಂಟೆ ಆದ್ಮೇಲೆ. ನಿಂಬೇಲಿರೋ ವಿಟಮಿನ್ ಸಿ ಕ್ಲೋರಿನ್ನನ್ನ ಅಲ್ಲೇ ಮುಗಿಸಿಬಿಡುತ್ತೆ, ಮೊದಲೇ ಹಿಂಡಿದ್ರೆ ಮಾತ್ರೆ ಹಾಕಿದ್ದೂ ದಂಡ.

ಇಂಬಳಪ್ರಿಯ

ಸಿರಿಂಜ್ ಬ್ಯಾಗಿಗೆ ಹಾಕಿದ್ರಾ? ಎಲ್ಲರೂ ಅದನ್ನೇ ಮನೇಲಿ ಬಿಟ್ಟು ಹೋಗೋದು. ನಾನೂ ಎರಡು ಸಲ ಬಿಟ್ಟಿದೀನಿ.