ಸಹಾಯ ಬೇಕು: ಥರ್ಮೋಕೋಲ್ ಸೀಲಿಂಗ್ ಹಾಕಿಸಿದರೆ ಮನೆ ವಿಮೆಗೆ ತೊಂದರೆಯಾ?

ಎಲ್ಲರಿಗೂ ನಮಸ್ಕಾರ ರೀ. ರಾಯಚೂರಿನಲ್ಲಿ ನಮ್ಮದು ಆರ್‌ಸಿಸಿ ಮನೆ. ಬಿಸಿಲು 40 ಡಿಗ್ರಿ ದಾಟಿದರೆ ರಾತ್ರಿಯೂ ಛಾವಣಿ ಕಾದೇ ಇರುತ್ತದೆ. ಒಳಗೆ ಥರ್ಮೋಕೋಲ್ ಕೂರಿಸಿ ಪಿಒಪಿ ಸೀಲಿಂಗ್ ಮಾಡೋಣ ಅಂತಾರೆ ಮೇಸ್ತ್ರಿ. ಅದು ಬೇಗ ಬೆಂಕಿ ಹಿಡಿಯುವ ಮಾಲು, ಅಲ್ವಾ? ವೈರಿಂಗ್ ಬೇರೆ ಅದರ ಪಕ್ಕದಲ್ಲೇ ಹೋಗುತ್ತದೆ.

ನಮ್ಮದು ಭಾರತ್ ಗೃಹ ರಕ್ಷಾ ಪಾಲಿಸಿ. ಬೆಂಕಿ, ಸಿಡಿಲು, ನೆರೆ ಎಲ್ಲ ಸೇರಿದೆ. ವಿಮಾ ಮೊತ್ತ ಮನೆಯನ್ನು ಮತ್ತೆ ಕಟ್ಟುವ ಖರ್ಚಿನ ಮೇಲೆ, ಜಾಗದ ಬೆಲೆ ಲೆಕ್ಕಕ್ಕಿಲ್ಲ. ಹಾಗಾದರೆ ಸೀಲಿಂಗ್ ಖರ್ಚು ಸೇರಿಸಿ ಮೊತ್ತ ಏರಿಸಬೇಕಾ? ಕಂಪನಿಗೆ ಮೊದಲೇ ತಿಳಿಸಿದವರು ಯಾರಾದರೂ ಇದ್ದೀರಾ? ಪ್ರೀಮಿಯಂ ಜಾಸ್ತಿ ಆಯ್ತಾ? ಏಜೆಂಟ್ ಸುಮ್ನೆ "ಏನೂ ಆಗಲ್ಲ ಸರ್" ಅಂತಾರೆ. ಬರೆದು ಕೊಡಿ ಅಂದರೆ ಫೋನೇ ಎತ್ತಲ್ಲ!

ಇಲ್ಲಾಂದ್ರೆ ಮೇಲೆ ಬಿಳಿ ಕೂಲ್ ರೂಫ್ ಬಣ್ಣ ಹೊಡೆಸಿಬಿಡಲಾ? ಹೊಡೆಸಿದವರು ಹೇಳಿ, ಮಳೆಗಾಲ ದಾಟಿ ಉಳಿಯುತ್ತಾ?