ಮೊಬೈಲ್ ಸ್ಟಾರ್ಟರ್ ಕುರಿತ ಅಧ್ಯಯನ: ರೈತನೊಬ್ಬನೇ ಕರ್ತೃವೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ)

ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಗದ್ದೆಯ ಪಂಪ್‌ಸೆಟ್‌ಗಳಿಗೆ ಅಳವಡಿಸುವ, ಫೋನ್ ಕರೆಯಿಂದಲೇ ಮೋಟಾರನ್ನು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರನ್ನು ಒಂದು ಮಾಧ್ಯಮವೆಂದು ಪರಿಗಣಿಸಿ ಅಧ್ಯಯನ ನಡೆಸುತ್ತಿದ್ದೇನೆ. ಸಂದರ್ಶನಗಳಲ್ಲಿ ರೈತರು "ಫೋನ್ ಮಾಡಿದೆ, ಮೋಟಾರ್ ಆನ್ ಆಯಿತು" ಎಂದಷ್ಟೇ ಹೇಳುವುದರಿಂದ, ನಾನು ಬರೆದದ್ದರಲ್ಲೆಲ್ಲ ಮನುಷ್ಯ ಆಜ್ಞಾಪಿಸುತ್ತಾನೆ, ಯಂತ್ರ ಪಾಲಿಸುತ್ತದೆ ಎಂಬ ಹಳೆಯ ಕಥೆಯೇ ಕಾಣುತ್ತಿದೆ. ಮಾನವೋತ್ತರ ಚಿಂತನೆಯ ನೆಲೆಯಿಂದ ನೋಡಬೇಕೆಂದರೆ, ಮಾತನಾಡದ ವಸ್ತುವಿನಿಂದ ಸಾಕ್ಷ್ಯ ಪಡೆಯುವುದು ಹೇಗೆ?

ಉತ್ತರ 1 (ನಿವೃತ್ತ ಅಧ್ಯಾಪಕ, ಸರಸ್ವತಿಪುರಂ)

'ಮಾನವೋತ್ತರ' ಎಂದರೆ ಮನುಷ್ಯರು ಅಳಿದ ನಂತರದ ಕಾಲವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಮನುಷ್ಯನನ್ನೇ ಎಲ್ಲದಕ್ಕೂ ಅಳತೆಗೋಲಾಗಿ ಹಿಡಿಯುವ ಅಭ್ಯಾಸವನ್ನು ಬಿಡುವುದು ಅದರ ಅರ್ಥ. ಅಮೆರಿಕದ ಚಿಂತಕಿ ಡೊನ್ನಾ ಹ್ಯಾರವೇ 1985ರಲ್ಲಿ ಸೈಬೋರ್ಗ್ (ಜೀವಿ ಮತ್ತು ಯಂತ್ರ ಬೆರೆತ ರೂಪ) ಕುರಿತು ಬರೆದಾಗ ಪ್ರಶ್ನಿಸಿದ್ದು ಮನುಷ್ಯ, ಪ್ರಾಣಿ, ಯಂತ್ರಗಳ ನಡುವಿನ ಗಡಿಯನ್ನೇ.

ನಿಮಗೆ ಹೆಚ್ಚು ಒದಗುವವರು ಫ್ರೆಂಚ್ ಚಿಂತಕ ಬ್ರೂನೋ ಲತೂರ್. ಬಾಗಿಲನ್ನು ತಾನಾಗಿ ಮುಚ್ಚುವ ಸಾಧನದ ಬಗ್ಗೆ ಅವರು 1988ರಲ್ಲಿ ಬರೆದ ಲೇಖನ ಆರಂಭವಾಗುವುದೇ ಆ ಸಾಧನ ಕೆಟ್ಟು, ಬಾಗಿಲಿಗೆ ಚೀಟಿ ಅಂಟಿಸಿದ ಪ್ರಸಂಗದಿಂದ. ಬಾಗಿಲು ಕಾಯುವ ಆಳಿನ ಕೆಲಸವನ್ನು ಅದು ಮಾಡುತ್ತಿತ್ತೆಂಬುದು ಕೆಟ್ಟಾಗಲೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಸ್ಟಾರ್ಟರ್ ಕೈಕೊಟ್ಟ ದಿನಗಳನ್ನು ಹುಡುಕಿ: ಸಿಮ್‌ನ ರೀಚಾರ್ಜ್ ಮುಗಿದದ್ದು, ಸಿಗ್ನಲ್ ಸಿಗದದ್ದು, ಒಂದು ಫೇಸ್ ಹೋದದ್ದು, ಕೊಳವೆಬಾವಿಯಲ್ಲಿ ನೀರು ಇಳಿದು ಮೋಟಾರ್ ತಾನಾಗಿ ನಿಂತದ್ದು. ರೈತರ ಮನೆಗಿಂತ ಮೊದಲು ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ ಕುಳಿತಿದ್ದರೆ ಒಳ್ಳೆಯದಿತ್ತು.

ಉತ್ತರ 2 (ಪಾಂಡವಪುರ)

ನಮ್ಮ ಮನೆಯಲ್ಲೇ ಈ ಸ್ಟಾರ್ಟರ್ ಇದೆ. ತ್ರೀಫೇಸ್ ಕರೆಂಟ್ ಬಂದೊಡನೆ ಅದೇ ನಮ್ಮ ತಂದೆಯವರಿಗೆ ಫೋನ್ ಮಾಡುತ್ತದೆ, ರಾತ್ರಿ ಎರಡು ಗಂಟೆಯಾದರೂ ಸರಿ. ಮೊದಲು ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಕಬ್ಬಿನ ನಡುವೆ ನಡೆಯಬೇಕಿತ್ತು. ಆ ನಡಿಗೆ ತಪ್ಪಿದೆ, ನಿದ್ದೆಗೇಡು ತಪ್ಪಿಲ್ಲ.

ಆದರೆ ಒಂದು ಆಕ್ಷೇಪವಿದೆ. ಸ್ಟಾರ್ಟರ್, ಸಿಮ್, ಅಂತರ್ಜಲ ಎಲ್ಲವನ್ನೂ ಕರ್ತೃಗಳೆಂದು, ಅಂದರೆ ಕೆಲಸ ನಡೆಸುವವರೆಂದು, ಒಂದೇ ಸಾಲಿನಲ್ಲಿ ಕೂರಿಸಿದರೆ, ರೈತನಿಗೆ ರಾತ್ರಿಯೇ ಕರೆಂಟ್ ಎಂದು ಮೇಜಿನ ಮುಂದೆ ಕುಳಿತು ನಿರ್ಧರಿಸಿದವರು ಆ ಗುಂಪಿನಲ್ಲಿ ಸುಲಭವಾಗಿ ಮರೆಯಾಗುತ್ತಾರೆ. ಯಂತ್ರಕ್ಕೆ ಕರ್ತೃತ್ವ ಕೊಡಿ, ಹೊಣೆಯನ್ನು ಮಾತ್ರ ಅದರ ಹೆಗಲಿಗೆ ಹೊರಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಯಾರು ಯಾರನ್ನು ಕರೆದರೆಂದು ತಿಳಿಯಲು ತಮ್ಮ ತಂದೆಯವರ ಫೋನಿನ ಕರೆಗಳ ಪಟ್ಟಿಯನ್ನು ನೋಡಬಹುದೇ?

ಉತ್ತರ 2 (ಪಾಂಡವಪುರ)

ಧಾರಾಳವಾಗಿ ಬನ್ನಿ. ಅದರಲ್ಲಿ ಸ್ಟಾರ್ಟರ್ ಎಂದು ಹುಡುಕಬೇಡಿ, ತಂದೆಯವರು ಆ ನಂಬರನ್ನು 'ಗದ್ದೆ' ಎಂದು ಉಳಿಸಿಕೊಂಡಿದ್ದಾರೆ.